ನೋಡ್ಕೋ ಎಂದದ್ದಷ್ಟೇ

ಆ ಬೀದಿಯಲ್ಲಿ ಯಾರ ಮನೆಯ ಕೋಳಿ ಕಾವಿಗೆ ಬಂದರೂ ಮೊದಲು ಹೇಳಿಕಳಿಸುತ್ತಿದ್ದುದು ಇಸ್ತ್ರಿಯಂಗಡಿಯ ಹಿಂದಿನ ಮನೆಗೆ. ಇಸ್ತ್ರಿಯವನ ಹೆಂಡತಿ ಬಂದು ಕೋಳಿಯ ಬೆನ್ನ ಮೇಲೆ ಕೈಯಿಡಬೇಕು, ಅದು ಮೈ ಚಪ್ಪಟೆ ಮಾಡಿ, ಗರಿ ಕೆದರಿ ಗುರುಗುಟ್ಟುತ್ತದೋ ಇಲ್ಲವೋ ನೋಡಬೇಕು, ಆಮೇಲೆ "ಇದು ಕೂರುತ್ತೆ" ಎಂದೋ "ಇದು ನಾಟಕ, ನಾಳೆ ಎದ್ದು ಹೋಗುತ್ತೆ" ಎಂದೋ ತೀರ್ಪು ಕೊಡಬೇಕು. ಅವಳ ಮಾತು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ. ಹೀಗಾಗಿ ಅವಳಿಗೆ ಕಾವಕ್ಕ ಎಂದೇ ಹೆಸರು ಬಿದ್ದಿತ್ತು. ಕಟ್ಟಿಕೊಂಡ ಗಂಡನೂ ಗಿರಾಕಿಗಳ ಮುಂದೆ "ನಮ್ಮ ಕಾವಕ್ಕ ಒಳಗಿದಾಳೆ, ಕೇಳಿ" ಎನ್ನುತ್ತಿದ್ದ.

ಕಾವಕ್ಕನಿಗೆ ಐವತ್ತೆರಡು ವರ್ಷ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಉದ್ದನೆಯ ಮೇಜು, ಮೇಜಿನ ಮೇಲೆ ಸುಟ್ಟ ಕಲೆಗಳ ಹಳೆಯ ಕಂಬಳಿ. ಗಂಡ ಅಲ್ಲಿ ನಿಂತು ಬಟ್ಟೆ ಉಜ್ಜುತ್ತಿದ್ದ. ಬೀದಿಯ ಕಣ್ಣಿಗೆ ಇಸ್ತ್ರಿಯೆಂದರೆ ಅಷ್ಟೇ. ಗಂಟು ಬಿಚ್ಚುವುದು, ಬಿಳಿ ಬಣ್ಣ ಬೇರೆ ಮಾಡುವುದು, ನೀರು ಚಿಮುಕಿಸಿ ಸುತ್ತಿಡುವುದು, ಸಡಿಲಾದ ಗುಂಡಿಗೆ ಎರಡು ಹೊಲಿಗೆ ಹಾಕುವುದು, ಉಜ್ಜಿದ್ದನ್ನು ಮಡಿಸಿ ಮತ್ತೆ ಗಂಟು ಕಟ್ಟುವುದು, ಇದೆಲ್ಲ ಒಳಗೆ ನಡೆಯುತ್ತಿತ್ತು. ಒಳಗೆ ನಡೆಯುವುದಕ್ಕೆ ಹೆಸರಿರಲಿಲ್ಲ. ಜೊತೆಗೆ ಅಡುಗೆ, ಪಾತ್ರೆ, ನೀರು, ಕಸ. ಬೆಳಗ್ಗೆ ಐದಕ್ಕೆ ಎದ್ದವಳು ಕೂರುತ್ತಿದ್ದುದು ಊಟಕ್ಕೆ, ಅದೂ ಅರ್ಧ ಊಟಕ್ಕೆ. ಉಳಿದರ್ಧದಲ್ಲಿ ಯಾರಾದರೂ ಕೂಗುತ್ತಿದ್ದರು.

ಕೋಳಿ ಕಾವಿಗೆ ಕೂತ ಇಪ್ಪತ್ತೊಂದು ದಿನ ಮಾತ್ರ ಬೇರೆಯಾಗಿತ್ತು.

ಹಿತ್ತಿಲಲ್ಲಿ ನಲ್ಲಿಯ ಪಕ್ಕಕ್ಕೆ ತಗಡಿನ ಒಂದು ಇಳಿಜಾರು ಮಾಡು. ಅದರಡಿ ಹಳೆಯ ಬಾಣಲೆಯಲ್ಲಿ ಹೊಟ್ಟು ಹಾಸಿ, ಪೆನ್ಸಿಲಿನಿಂದ ಗುರುತು ಮಾಡಿದ ಮೊಟ್ಟೆಗಳನ್ನಿಟ್ಟು ಕೋಳಿಯನ್ನು ಕೂರಿಸುತ್ತಿದ್ದಳು. ಬೇರೆ ಕೋಳಿಗಳು ಬಂದು ಅದೇ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗಬಾರದು, ಬೆಕ್ಕು ಮೂಸಬಾರದು. ಅದಕ್ಕೆ ಮೇಲೆ ದೊಡ್ಡ ಬಿದಿರು ಬುಟ್ಟಿ ಕವುಚಿ, ಬುಟ್ಟಿಯ ತಲೆಯ ಮೇಲೆ ಕೆಟ್ಟುಹೋದ ಇದ್ದಿಲ ಇಸ್ತ್ರಿಪೆಟ್ಟಿಗೆಯ ಭಾರ ಹೇರುತ್ತಿದ್ದಳು. ದಿನಕ್ಕೊಮ್ಮೆ, ಬೆಳಗಿನ ಮೊದಲ ಸುತ್ತಿನ ಬಟ್ಟೆ ಮುಗಿದ ಮೇಲೆ, ಭಾರ ಇಳಿಸಿ, ಬುಟ್ಟಿ ಎತ್ತಿ, ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿದೆಯೋ ಎಂದು ಬೆರಳಾಡಿಸಿ, ಕೋಳಿಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಗೆ ಬಿಡುವುದು. ಅದು ಕಾಳು ತಿನ್ನಬೇಕು, ನೀರು ಕುಡಿಯಬೇಕು, ಇಡೀ ದಿನ ಹಿಡಿದಿಟ್ಟುಕೊಂಡಿದ್ದನ್ನು ಒಂದೇ ಸಲ ಹಾಕಬೇಕು, ಮಣ್ಣಿನಲ್ಲಿ ಹೊರಳಬೇಕು. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಕಾವಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಿದ್ದಳು.

"ಏನ್ಮಾಡ್ತಿದೀಯೇ?" ಗಂಡ ಮುಂದಿನಿಂದ ಕೂಗುತ್ತಿದ್ದ.

"ಕೋಳಿ ಎಬ್ಬಿಸಿದೀನಿ."

ಅದಕ್ಕೆ ಎದುರು ಮಾತಿರಲಿಲ್ಲ. ನೆತ್ತಿಯ ಮೇಲೆ ಬಿಸಿಲು, ಕಾಲ ಕೆಳಗೆ ಮಣ್ಣು, ಕೈಯಲ್ಲಿ ಏನೂ ಇಲ್ಲ. ವರ್ಷದಲ್ಲಿ ಎರಡು ಮೂರು ಸಲ ಸಿಗುತ್ತಿದ್ದ ಈ ಸುಖವನ್ನು ಕಾಪಾಡಿಕೊಳ್ಳಲು ಅವಳು ಆ ಕೆಲಸಕ್ಕೆ ಒಂದಿಷ್ಟು ಗುಟ್ಟು ಸೇರಿಸಿದ್ದಳು. ಎತ್ತುವಾಗ ಉಸಿರು ಬಿಡಬಾರದು. ಕೈ ಬದಲಾದರೆ ಕಾವು ಮುರಿಯುತ್ತದೆ. ಹತ್ತಿರ ಯಾರೂ ಇರಬಾರದು. ಅರ್ಧಕ್ಕಿಂತ ಹೆಚ್ಚು ಅವಳೇ ಹೆಣೆದದ್ದು. ಬೀದಿಯ ಹೆಂಗಸರು "ಕೈಗುಣ ಕಣ್ರೀ ಅದು, ಎಲ್ಲರಿಗೂ ಬರಲ್ಲ" ಎಂದಾಗ ಅವಳು ಇಲ್ಲವೆನ್ನುತ್ತಿರಲಿಲ್ಲ.

ಮನೆಯಲ್ಲಿ ಇನ್ನೊಬ್ಬಳಿದ್ದಳು, ಮೈದುನನ ಹೆಂಡತಿ. ಮೈದುನ ಸರಕಿನ ವ್ಯಾನು ಓಡಿಸುತ್ತ ವಾರದಲ್ಲಿ ನಾಲ್ಕು ದಿನ ಹೊರಗೇ ಇರುತ್ತಿದ್ದ. ವಾರಗಿತ್ತಿಗೆ ಮೂವತ್ತನಾಲ್ಕು ವರ್ಷ, ಮಕ್ಕಳಿರಲಿಲ್ಲ, ಮದುವೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಬಂದ ಮೊದಲ ವಾರವೇ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದಳು. ಅಂದಿನಿಂದ ಅವಳು ಮರೆಗುಳಿ. ಆ ಮನೆಯಲ್ಲಿ ಯಾರ ಕೈಯಿಂದ ಏನು ತಪ್ಪಿದರೂ ಅದು ನಡೆದು ಬಂದು ಅವಳ ತಲೆಯ ಮೇಲೆ ಕೂರುತ್ತಿತ್ತು.

"ಚಹಾಕ್ಕೆ ಸಕ್ಕರೆ ಹಾಕಿದೀಯೋ, ಇಲ್ಲ ನಾನೇ ಸಿಹಿಯಾಗಿ ಮಾತಾಡ್ಕೊಂಡು ಕುಡೀಲೋ?" ಭಾವ ಗಿರಾಕಿಗಳ ಮುಂದೆ ಕೇಳುತ್ತಿದ್ದ.

"ಸಕ್ಕರೆ ಹಾಕಿದೀನಿ ಭಾವ. ಚಹಾಪುಡಿ ಹಾಕಿದೀನಾ, ಅದನ್ನ ನೋಡಿ."

ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಅವಳೇ ನಗುತ್ತಿದ್ದಳು. ನಲವತ್ತು ಮನೆಗಳ ಬಟ್ಟೆಯಲ್ಲಿ ಯಾವ ಅಂಗಿ ಯಾರದೆಂದು ಗುರುತಿನ ಚೀಟಿಯಿಲ್ಲದೆ ಹೇಳುತ್ತಿದ್ದವಳೂ ಅವಳೇ. ಅದನ್ನು ಯಾರೂ ನೆನಪಿನ ಶಕ್ತಿ ಎಂದು ಕರೆದಿರಲಿಲ್ಲ.

ಬೀದಿಯ ಕೊನೆಯಲ್ಲಿ ಎರಡು ಕೋಣೆಯ ಶಿಶುವಿಹಾರವಿತ್ತು. ಅದನ್ನು ನಡೆಸುತ್ತಿದ್ದ ಟೀಚರ್ ತಮ್ಮ ಬಟ್ಟೆ ಕೊಡಲು ಬಂದಾಗಲೆಲ್ಲ ವಾರಗಿತ್ತಿಯೊಡನೆ ನಾಲ್ಕು ಮಾತಾಡುತ್ತಿದ್ದರು. ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಅವರಿಗೊಬ್ಬಳು ಬೇಕಾಗಿತ್ತು. "ಬರೋ ತಿಂಗಳಿಂದ ಬರ್ತೀಯೇನಮ್ಮ?" ಎಂದು ಒಂದು ದಿನ ಕೇಳಿಯೇಬಿಟ್ಟರು. ವಾರಗಿತ್ತಿಯ ಮುಖ ಕೆಂಪಾಯಿತು. ಆ ರಾತ್ರಿ ಊಟಕ್ಕೆ ಬಡಿಸುವಾಗ ಅವಳು ಮೂರು ಸಲ ಕಾವಕ್ಕನನ್ನು ಕೇಳಿದಳು, "ನನ್ನನ್ನೇ ಕೇಳಿದ್ದು ಅಲ್ವಾ ಅಕ್ಕ? ನಿಮ್ಮನ್ನಲ್ಲ ತಾನೆ?"

ಅದೇ ಟೀಚರ್ ಕೆಲವು ದಿನಗಳ ನಂತರ ಹತ್ತಿಯ ಮೇಲೆ ಜೋಡಿಸಿದ ಹನ್ನೊಂದು ಮೊಟ್ಟೆ ತಂದರು. ತಮ್ಮ ತಂದೆ ಸಾಕಿದ ಕರಿಗೋಳಿಗಳವು. ತಂದೆ ತೀರಿಕೊಂಡಿದ್ದರು, ಕೋಳಿಗಳನ್ನು ಅಣ್ಣ ಮಾರಿಬಿಟ್ಟಿದ್ದ. ಇವಿಷ್ಟೇ ಉಳಿದದ್ದು.

"ನಿಮ್ಮ ಕೈಗುಣದ ಮೇಲೆ ಬಿಟ್ಟಿದೀನಿ," ಎಂದರು. "ಮರಿ ಆದ್ರೆ ಶಿಶುವಿಹಾರದ ಹಿತ್ತಿಲಲ್ಲಿ ಬಿಡ್ತೀನಿ. ಮಕ್ಕಳೂ ನೋಡ್ತಾರೆ."

ಆಗಷ್ಟೇ ಕಾವಿಗೆ ಬಂದಿದ್ದ ಬೂದುಬಣ್ಣದ ಕೋಳಿಯನ್ನು ಕಾವಕ್ಕ ಅವುಗಳ ಮೇಲೆ ಕೂರಿಸಿದಳು. ಏಳನೆಯ ದಿನ ಕತ್ತಲೆಯ ಕೋಣೆಯಲ್ಲಿ ಟಾರ್ಚಿನ ಬಾಯಿಗೆ ಒಂದೊಂದೇ ಮೊಟ್ಟೆ ಹಿಡಿದು ನೋಡಿದಳು. ಹನ್ನೊಂದರಲ್ಲಿ ಹತ್ತರೊಳಗೆ ಕೆಂಪು ನರಗಳ ಬಲೆ ಹರಡಿತ್ತು. ಖಾಲಿಯಿದ್ದ ಒಂದನ್ನು ತೆಗೆದಿಟ್ಟಳು.

"ನಾನೂ ಎತ್ತಿ ನೋಡ್ಲಾ ಅಕ್ಕ?" ವಾರಗಿತ್ತಿ ಮಾರನೆಯ ದಿನ ಬುಟ್ಟಿಯ ಹತ್ತಿರ ಬಂದು ಕೇಳಿದಳು. "ಕಲೀತೀನಿ."

ಕಾವಕ್ಕ ಅವಳ ಕೈಯ ಮೇಲೆ ಪಟ್ಟನೆ ಒಂದು ಕೊಟ್ಟಳು. "ಮುಟ್ಬೇಡ. ನಿನ್ನ ಕೈ ಬಿದ್ರೆ ಇರೋದೂ ಹೋಗುತ್ತೆ."

ತಮಾಷೆಗೆ ಹೊಡೆದಂತೆ ಹೊಡೆದಿದ್ದಳು. ತಮಾಷೆಯಾಗಿರಲಿಲ್ಲ. ಇವಳು ಕಲಿತರೆ ನಾಳೆ ಗಂಡ "ಅವಳು ಎಬ್ಬಿಸ್ಲಿ ಬಿಡು, ನೀನು ಬಾ ಇಲ್ಲಿ" ಎನ್ನುತ್ತಾನೆ, ಬಕೆಟ್ಟಿನ ಮೇಲೆ ಇವಳು ಕೂತಿರುತ್ತಾಳೆ. ಅದು ಕಾವಕ್ಕನ ಕಣ್ಣಿಗೆ ಕಟ್ಟಿದಂತಿತ್ತು.

ಹನ್ನೆರಡನೆಯ ದಿನ ಬೆಳಗ್ಗೆ ಮಗಳ ಊರಿನಿಂದ ಫೋನ್ ಬಂತು. ಮಗಳು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಕಾವಕ್ಕ ಸಿಕ್ಕಿದ ಎರಡು ಬಟ್ಟೆ ಚೀಲಕ್ಕೆ ತುರುಕಿ, ಎಂಟು ಗಂಟೆಯ ಬಸ್ಸಿಗೆ ಓಡಿದಳು. ಹೊಸಲು ದಾಟುವಾಗ ವಾರಗಿತ್ತಿಯ ಕಡೆ ತಿರುಗಿ ಹೇಳಿದ್ದು ಇಷ್ಟೇ: "ಕೋಳಿ ನೋಡ್ಕೋ."

ಮನೆ ನೋಡ್ಕೋ, ಮಗು ನೋಡ್ಕೋ, ಅತ್ತೇನ ನೋಡ್ಕೋ. ಕಾವಕ್ಕನಿಗೂ ಹಾಗೆಯೇ ಹೇಳಿದ್ದರು, ಹೇಗೆಂದು ಯಾರೂ ಹೇಳಿರಲಿಲ್ಲ. ಆ ಒಂದು ಮಾತಿನೊಳಗೆ ಏನೇನಿದೆಯೆಂದು ಹುಡುಕಿ ಮಾಡುವುದೇ ಹೆಂಗಸಿನ ಕೆಲಸವೆಂದು ಅವಳು ತಿಳಿದಿದ್ದಳು.

ಮಗಳ ಮನೆಯಲ್ಲಿ ಮೊದಲ ದಿನ ಆಸ್ಪತ್ರೆ, ಎಕ್ಸ್‌ರೇ, ಕಟ್ಟು, ಮೊಮ್ಮಗಳ ಸ್ಕೂಲು ಎಂದು ಉಸಿರಾಡಲು ಬಿಡುವಿರಲಿಲ್ಲ. ಎರಡನೆಯ ದಿನ ಹನ್ನೊಂದರ ಹೊತ್ತಿಗೆ, ಮಗಳು ಮಲಗಿದ್ದಾಗ, ಕಾವಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕೂತ ಕೂಡಲೇ ಬುಟ್ಟಿ ನೆನಪಾಯಿತು. ಎಬ್ಬಿಸಿರುವುದಿಲ್ಲ. ಕೈ ಬದಲಾದರೆ ಕಾವು ಮುರಿಯುತ್ತದೆ ಎಂದು ಹೆದರಿಸಿದ್ದು ತಾನೇ. ಎಬ್ಬಿಸದಿದ್ದರೆ ಕೋಳಿಗೇ ಕುತ್ತೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಹತ್ತಿರಕ್ಕೇ ಬಿಟ್ಟಿಲ್ಲ.

ಪಕ್ಕದಲ್ಲಿ ಮಗಳ ಫೋನಿತ್ತು. ಅದನ್ನು ಕೈಗೆ ತೆಗೆದುಕೊಂಡಳು. ಗಂಡನ ನಂಬರು ಬಾಯಿಪಾಠವಿತ್ತು. ಭಾರ ಇಳಿಸು, ಬುಟ್ಟಿ ಎತ್ತು, ರೆಕ್ಕೆಯಡಿ ಬೆರಳಾಡಿಸು, ಎತ್ತಿ ಹೊರಗೆ ಬಿಡು, ಕಾಳು ನೀರು ಇಡು. ಹೇಳಿದರೆ ಅರ್ಧ ನಿಮಿಷದ ಮಾತು. ಇಷ್ಟೇನಾ ಎಂದುಬಿಡುತ್ತಾರೆ. ಹದಿನೆಂಟು ವರ್ಷ ಅವಳು ಕಟ್ಟಿಕೊಂಡು ಬಂದದ್ದು ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಕೋಳಿ ಒಂದು ದಿನ ಏಳದಿದ್ದರೆ ಸಾಯುವುದಿಲ್ಲ, ನಾಳೆ ಹೇಗೂ ಹೊರಡುತ್ತೇನೆ ಎಂದುಕೊಂಡಳು. ಫೋನನ್ನು ಇದ್ದಲ್ಲೇ ಇಟ್ಟಳು.

ನಾಳೆ ಹೊರಡಲಾಗಲಿಲ್ಲ. ಮಗಳಿಗೆ ನೋವು ಹೆಚ್ಚಾಯಿತು. ಆ ದಿನವೂ ಫೋನು ಅಲ್ಲೇ ಇತ್ತು. ಈಗ ಮಾಡಿದರೆ ನಿನ್ನೆ ಯಾಕೆ ಮಾಡಲಿಲ್ಲ ಎಂದು ಕೇಳುತ್ತಾರೆ ಎಂಬುದೂ ಸೇರಿಕೊಂಡಿತ್ತು.

ನಾಲ್ಕನೆಯ ದಿನ ಸಂಜೆ ಅವಳು ಬಸ್ಸಿಳಿದು ಮನೆಗೆ ಬಂದಾಗ ಟೀಚರ್ ಅಂಗಡಿಯಲ್ಲಿದ್ದರು. "ಬನ್ನಿ ಬನ್ನಿ, ನಮ್ಮ ಕೋಳಿ ಹೇಗಿದೆ ನೋಡೋಣ," ಎಂದು ಅವರೂ ಹಿಂದೆಯೇ ಹಿತ್ತಿಲಿಗೆ ಬಂದರು. ಗಂಡನೂ ಬಂದ. ತಗಡಿನ ಮಾಡು ಇಡೀ ದಿನದ ಬಿಸಿಲು ಕುಡಿದು ಕಾದಿತ್ತು. ಬುಟ್ಟಿಯ ಹತ್ತಿರ ಹೋಗುತ್ತಿದ್ದಂತೆ ವಾಸನೆ ಹೊಡೆಯಿತು.

ಬುಟ್ಟಿ ಎತ್ತಿದಳು. ಕೋಳಿ ಗೂಡಿನ ಪಕ್ಕಕ್ಕೆ ವಾಲಿ ಬಿದ್ದಿತ್ತು. ಕೊಕ್ಕು ತೆರೆದೇ ಇತ್ತು, ಜುಟ್ಟು ಕಪ್ಪಾಗಿತ್ತು, ಉಸಿರು ಮಾತ್ರ ಆಡುತ್ತಿತ್ತು. ಬಾಯಾರಿಕೆ ತಾಳದೆ ಅದು ನಾಲ್ಕು ಮೊಟ್ಟೆಗಳನ್ನು ಕುಕ್ಕಿ ಒಡೆದು ಕುಡಿದಿತ್ತು. ಒಡೆದವುಗಳಲ್ಲಿ ಇನ್ನೇನು ಕೋಳಿಮರಿಯ ಆಕಾರಕ್ಕೆ ಬರುತ್ತಿದ್ದ ಕಪ್ಪು ಮುದ್ದೆಗಳು. ಉಳಿದ ಆರೂ ಹಿಕ್ಕೆ, ಲೋಳೆ ಮೆತ್ತಿಕೊಂಡು ಕೆಟ್ಟು ನಾರುತ್ತಿದ್ದವು. ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ವಾರಗಿತ್ತಿ ನಲ್ಲಿಯ ಹತ್ತಿರದಿಂದ ಓಡಿಬಂದಳು. "ಏನಾಯ್ತು ಅಕ್ಕ? ನಾನು ದಿನಾ ಐದಾರು ಸಲ ನೋಡ್ತಿದ್ದೆ. ಬುಟ್ಟಿ ಸಂದಿಯಿಂದ ಬಗ್ಗಿ ಬಗ್ಗಿ ನೋಡ್ತಿದ್ದೆ, ಕೂತೇ ಇತ್ತು. ನಿನ್ನೆ ಬಾಯಿ ಬಿಟ್ಕೊಂಡಿತ್ತು, ಅದಕ್ಕೆ ಸಂದಿಯಿಂದಾನೇ ಚಮಚದಲ್ಲಿ ನೀರು ಬಿಟ್ಟೆ. ಮುಟ್ಲಿಲ್ಲ ಅಕ್ಕ. ನಿಮ್ಮಾಣೆ, ಮುಟ್ಲಿಲ್ಲ."

ಮೂರು ಜನರ ಕಣ್ಣು ಕಾವಕ್ಕನ ಮೇಲಿತ್ತು. ಅವಳು ಮೊದಲು ಏನು ಹೇಳುತ್ತಾಳೋ ಅದೇ ನಡೆದದ್ದಾಗುತ್ತಿತ್ತು.

"ದಿನಾ ಒಂದ್ಸಲ ಎತ್ತಿ ಬಿಡು ಅಂತ ಹೇಳಿದ್ನಲ್ಲೇ," ಎಂದಳು ಕಾವಕ್ಕ. "ಹೋಗುವಾಗ ಹೇಳಿದ್ನಲ್ಲ!"

ಗಂಡ ನಿಟ್ಟುಸಿರು ಬಿಟ್ಟ. "ಸರಿಹೋಯ್ತು. ಮರೆಗುಳಿ ಕೈಲಿ ಕೊಟ್ಟು ಹೋದ್ಯಲ್ಲ, ನಿನಗೆ ಹೇಳ್ಬೇಕು."

ಅವಳು ಇಲ್ಲವೆನ್ನುತ್ತಾಳೆ, ಜಗಳವಾಗುತ್ತದೆ, ನಾನು ಇನ್ನೂ ಜೋರು ಮಾಡಬೇಕಾಗುತ್ತದೆ ಎಂದು ಕಾವಕ್ಕ ಒಳಗೊಳಗೇ ಸಜ್ಜಾಗಿದ್ದಳು. ವಾರಗಿತ್ತಿ ಇಲ್ಲವೆನ್ನಲಿಲ್ಲ. ಹುಬ್ಬು ಗಂಟು ಹಾಕಿಕೊಂಡು, ಬಿದ್ದುಹೋದ ಏನನ್ನೋ ನೆಲದ ಮೇಲೆ ಹುಡುಕುವವಳ ಹಾಗೆ ನಿಂತಳು.

"ಹೇಳಿದ್ರಾ ಅಕ್ಕ?" ಎಂದಳು ಮೆಲ್ಲಗೆ. "ಹೇಳಿರ್ತೀರಿ. ನನಗೇ ತಲೇಲಿ ನಿಂತಿಲ್ಲ."

ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು.

ಟೀಚರ್ ಹೊರಡುವಾಗ ಬೈಯಲಿಲ್ಲ. ಕಾವಕ್ಕನನ್ನು ಅಂಗಡಿಯ ಮೂಲೆಗೆ ಕರೆದು ಹೇಳಿದರು, "ಮೊಟ್ಟೆ ಹೋಗ್ಲಿ. ಆದ್ರೆ ನನ್ನ ಮಕ್ಕಳು ಎರಡು ಮೂರು ವರ್ಷದವು. ಬಾಯಾರಿದೆ ಅಂತ ಬಾಯಿಬಿಟ್ಟು ಹೇಳಲ್ಲ. ನಾವೇ ನೆನಪಿಟ್ಕೋಬೇಕು. ಅವಳಿಗೆ ನಾನು ಹೇಗೆ ಹೇಳ್ಲಿ ಗೊತ್ತಾಗ್ತಿಲ್ಲ, ನೀವೇ ಮೆತ್ತಗೆ ಹೇಳ್ಬಿಡಿ."

ಕಾವಕ್ಕ ಹೇಳಬೇಕಾಗಿ ಬರಲಿಲ್ಲ. ಒಳಕೋಣೆಯ ಪರದೆಯ ಹಿಂದೆ ವಾರಗಿತ್ತಿ ಮಡಿಸಿದ ಬಟ್ಟೆ ಹಿಡಿದು ನಿಂತಿದ್ದಳು.

ಕೋಳಿ ಬದುಕಿತು. ನೀರು ತೊಟ್ಟಿಕ್ಕಿಸಿ, ನೆರಳಲ್ಲಿಟ್ಟು, ಎರಡು ದಿನಕ್ಕೆ ಎದ್ದು ನಿಂತಿತು. ಹಿಂದಿನ ದಿನ ಚಮಚದಲ್ಲಿ ಬಿದ್ದ ನೀರಿಲ್ಲದಿದ್ದರೆ ಅದೂ ಇರುತ್ತಿರಲಿಲ್ಲವೆಂದು ಕಾವಕ್ಕನಿಗೆ ಗೊತ್ತಿತ್ತು. ಮೊಟ್ಟೆಗಳನ್ನು ಗುಂಡಿ ತೋಡಿ ಹೂಳಿದವಳು ವಾರಗಿತ್ತಿ. ಬಾಣಲೆ ಉಜ್ಜಿದವಳೂ ಅವಳೇ.

ಆಮೇಲೆ ಅವಳು ನಗುವುದನ್ನು ಬಿಟ್ಟಳು. ಭಾವ ಸಕ್ಕರೆಯ ಮಾತೆತ್ತಿದರೆ ಲೋಟ ತೆಗೆದುಕೊಂಡು ಒಳಗೆ ಹೋಗಿ, ಚಮಚದಲ್ಲಿ ರುಚಿ ನೋಡಿ ತಂದುಕೊಡುತ್ತಿದ್ದಳು. ಏನು ಹೇಳಿದರೂ "ಇನ್ನೊಂದ್ಸಲ ಹೇಳಿ ಅಕ್ಕ" ಎಂದು ತಿರುಗಿ ಹೇಳಿಸಿಕೊಳ್ಳುತ್ತಿದ್ದಳು. ಒಲೆ ಆರಿಸಿ ಬಂದವಳು ಮತ್ತೆ ಹೋಗಿ ಆರಿಸಿದೆಯೇ ಎಂದು ನೋಡುತ್ತಿದ್ದಳು. ಒಂದು ಮಧ್ಯಾಹ್ನ ಕಾವಕ್ಕ ಒಳಗೆ ಬಂದರೆ ಅವಳು ಗಂಟುಗಳೆದುರು ಕೂತು ಪ್ರತಿ ಅಂಗಿಯ ಕಾಲರಿಗೂ ಚೀಟಿ ಚುಚ್ಚುತ್ತಿದ್ದಳು.

"ಇದ್ಯಾಕೆ? ನಿನಗೆ ಎಲ್ಲ ಗೊತ್ತಲ್ಲ."

"ಗೊತ್ತು ಅಂದ್ಕೊಂಡಿದೀನಿ ಅಕ್ಕ. ಏನು ಭರವಸೆ?"

ಕಾವಕ್ಕ ಅಲ್ಲಿ ನಿಲ್ಲಲಾರದೆ ನಲ್ಲಿಯ ಹತ್ತಿರ ಹೋಗಿ, ತೊಳೆದಿದ್ದ ಬಕೆಟ್ಟನ್ನೇ ಮತ್ತೆ ತೊಳೆದಳು. ಒಂದು ಸುಳ್ಳಿಗೆ ಇಷ್ಟು ಉದ್ದದ ನಾಲಿಗೆ ಇರುತ್ತದೆಂದು ಅವಳು ಎಣಿಸಿರಲಿಲ್ಲ. ಅದು ಕೋಳಿಯ ಹತ್ತಿರ ನಿಂತಿರಲಿಲ್ಲ. ವಾರಗಿತ್ತಿ ಕಣ್ಣಾರೆ ಕಂಡದ್ದನ್ನೂ ಕೈಯಾರೆ ಮಾಡಿದ್ದನ್ನೂ ನೆಕ್ಕಿಹಾಕುತ್ತಿತ್ತು.

ಊರಿನಿಂದ ಬಂದ ಹತ್ತನೆಯ ದಿನ ಕಾವಕ್ಕ ಟೀಚರಿನ ಬಟ್ಟೆಯ ಗಂಟು ಹಿಡಿದು ತಾನೇ ಶಿಶುವಿಹಾರಕ್ಕೆ ಹೋದಳು. ಮಕ್ಕಳು ಊಟ ಮಾಡಿ ಮಲಗಿದ್ದ ಹೊತ್ತು. ನೆಲದುದ್ದಕ್ಕೂ ಪುಟ್ಟ ಚಾಪೆಗಳು, ಗೋಡೆಯ ಮೊಳೆಗಳಲ್ಲಿ ಪುಟ್ಟ ಲೋಟಗಳು. ಟೀಚರ್ ತುಟಿಗೆ ಬೆರಳಿಟ್ಟು ಒಳಗೆ ಕರೆದರು.

"ಕೋಳಿ ವಿಷಯದಲ್ಲಿ ನಮ್ಮ ಚಿಕ್ಕೋಳದು ತಪ್ಪಿಲ್ಲ," ಕಾವಕ್ಕ ಪಿಸುಗುಟ್ಟಿದಳು. "ನಾನೇ ಸರಿಯಾಗಿ ಹೇಳ್ಬೇಕಾಗಿತ್ತು."

ಟೀಚರ್ ಅವಳ ಕೈ ಹಿಡಿದುಕೊಂಡರು. "ನಿಮ್ಮದು ದೊಡ್ಡ ಮನಸ್ಸು ಕಣ್ರೀ. ವಾರಗಿತ್ತೀನ ಹೀಗೆ ವಹಿಸ್ಕೊಂಡು ಮಾತಾಡೋರು ಎಲ್ಲಿದಾರೆ?"

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಹೊಗಳಿಕೆಯನ್ನು ಹೊಟ್ಟೆಗೆ ಹಾಕಿಕೊಂಡು ಎದ್ದು ಹೋಗಿಬಿಡಬಹುದಿತ್ತು. ಅರ್ಧ ಎದ್ದೂ ಇದ್ದಳು.

"ಹಾಗಲ್ಲ," ಎಂದಳು. "ನಾನು ಹೇಳೇ ಇರಲಿಲ್ಲ."

"ಏನು?" ಪಿಸುಮಾತು ಟೀಚರಿಗೆ ಕೇಳಿಸಲಿಲ್ಲ.

"ಎತ್ತಿ ಬಿಡು ಅಂತ ನಾನು ಹೇಳಿರ್ಲಿಲ್ಲ. ಸುಳ್ಳು ಹೇಳಿದೆ."

"ಸ್ವಲ್ಪ ಜೋರಾಗಿ ಹೇಳಿ."

"ಸುಳ್ಳು ಹೇಳಿದೆ ಅಂದೆ!"

ಚಾಪೆಯ ಮೇಲಿದ್ದ ಒಂದು ಮಗು ಎದ್ದು ಕೂತು ಅವಳನ್ನೇ ನೋಡಿತು. ಟೀಚರ್ ಅದನ್ನು ತಟ್ಟಿ ಮಲಗಿಸಿದರು. ಕಾವಕ್ಕನ ಕೈಯನ್ನು ಬಿಟ್ಟಿದ್ದರು.

"ಮೊನ್ನೆ ಅವಳು ರಸ್ತೇಲಿ ಸಿಕ್ಕಿದ್ಲು," ಎಂದರು ಕೊನೆಗೆ. "ನನಗೇ ಮನಸ್ಸು ತಡೀಲಿಲ್ಲ, ಒಂದು ವಾರ ಬಂದು ನೋಡಮ್ಮ ಅಂದೆ. 'ಬೇಡ ಟೀಚರ್, ನನ್ನನ್ನ ನಂಬಬೇಡಿ' ಅಂದ್ಲು. ಈಗ ನಾನು ನಂಬಿ ಏನು ಪ್ರಯೋಜನ? ಅವಳೇ ನಂಬ್ತಿಲ್ಲ. ನಾಡಿದ್ದಿನವರೆಗೆ ಕಾಯ್ತೀನಿ. ಅವಳೇ ಬಂದು ಬರ್ತೀನಿ ಅಂದ್ರೆ ಸರಿ. ಇಲ್ದಿದ್ರೆ ಇನ್ನೊಬ್ಬಾಕೆ ಕೇಳ್ತಿದಾಳೆ."

ಕಾವಕ್ಕ ಮನೆಗೆ ಬಂದಾಗ ವಾರಗಿತ್ತಿ ಒಳಕೋಣೆಯಲ್ಲಿ ಹಾಸಿಗೆ ಹೊದಿಕೆಯೊಂದನ್ನು ಮಡಿಸಲು ಒದ್ದಾಡುತ್ತಿದ್ದಳು. ಕಾವಕ್ಕ ಅದರ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎಳೆದು, ಕೂಡಿಸಿ, ಮತ್ತೆ ಎಳೆದರು. ಹೊದಿಕೆ ಮಡಿಸುವಾಗ ಒಬ್ಬರ ಮುಖ ಒಬ್ಬರು ನೋಡದೆ ವಿಧಿಯಿಲ್ಲ.

"ನಾನು ಹೋಗುವಾಗ ನಿನಗೆ ಏನು ಹೇಳಿದೆ, ನೆನಪಿದೆಯಾ?"

ವಾರಗಿತ್ತಿಯ ಮುಖ ಸಣ್ಣದಾಯಿತು. "ನನಗೆ 'ಕೋಳಿ ನೋಡ್ಕೋ' ಅಂದಿದ್ದೇ ನೆನಪು ಅಕ್ಕ. ಮಿಕ್ಕಿದ್ದು ಎಷ್ಟು ತಲೆ ಕೆರ್ಕೊಂಡ್ರೂ ಬರ್ತಿಲ್ಲ."

"ಮಿಕ್ಕಿದ್ದು ಇಲ್ಲ. ಅಷ್ಟೇ ಹೇಳಿದ್ದು ನಾನು. ಎತ್ತಿ ಬಿಡು ಅಂತ ಹೇಳ್ಲೇ ಇಲ್ಲ. ಎಲ್ರೂ ನನ್ನನ್ನೇ ನೋಡ್ತಿದ್ರು, ಸುಳ್ಳು ಹೇಳ್ಬಿಟ್ಟೆ."

ವಾರಗಿತ್ತಿ ನಂಬದೆ ತಲೆಯಾಡಿಸಿದಳು. "ನಂಗೊತ್ತು ಅಕ್ಕ, ಯಾಕೆ ಹೀಗೆ ಹೇಳ್ತಿದೀರಿ ಅಂತ. ನಂಗೆ ಆ ಕೆಲಸ ಸಿಗ್ಲಿ ಅಂತ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದೀರಿ. ಬೇಡ. ನಾಳೆ ಯಾವುದಾದ್ರೂ ಮಗೂಗೆ ಹೆಚ್ಚುಕಮ್ಮಿ ಆದ್ರೆ?"

"ನಿಜ ಹೇಳ್ತಿದೀನಿ ಕಣೇ."

"ಹೋಗ್ಲಿ ಬಿಡಿ. ನಿಮಗೂ ಮಗಳ ಚಿಂತೇಲಿ ಏನು ಹೇಳಿದ್ರಿ ಏನು ಬಿಟ್ರಿ ಅಂತ ನೆನಪಿರಲ್ಲ. ನೀವು ಅಂಥೋರಲ್ಲ. ಹೇಳದೇ ಇದ್ದಿದ್ರೆ ಅಲ್ಲಿಂದ ಫೋನಾದ್ರೂ ಮಾಡ್ತಿರ್ಲಿಲ್ವಾ?"

ತಪ್ಪಿಸಿಕೊಳ್ಳಲು ದಾರಿಯನ್ನು ಅವಳೇ ಗುಡಿಸಿ ಕೊಟ್ಟಂತಿತ್ತು. ಮಗಳ ಚಿಂತೆಯಲ್ಲಿ ಮರೆತುಹೋಯಿತು ಎಂದರೆ ಮುಗಿಯುತ್ತಿತ್ತು. ಇಬ್ಬರೂ ಮರೆಗುಳಿಗಳಾಗಿ ನಕ್ಕು ಹೊದಿಕೆ ಮಡಿಸಬಹುದಿತ್ತು. ಆದರೆ ಅದರಿಂದ ಇವಳು ತನ್ನ ನೆನಪನ್ನು ಮತ್ತೆ ನಂಬುವುದಿಲ್ಲ. ಯಾರೂ ಸುಳ್ಳುಸುಳ್ಳೇ ತಮ್ಮ ಮೇಲೆ ಹಾಕಿಕೊಳ್ಳದಂಥ ಮಾತೊಂದೇ ಇವಳನ್ನು ನಂಬಿಸಬಲ್ಲುದು. ಅದು ಕಾವಕ್ಕನ ಹತ್ತಿರ ಇತ್ತು.

"ಎರಡನೇ ದಿನಾನೇ ನೆನಪಾಯ್ತು," ಎಂದಳು. "ಫೋನು ಕೈಯಲ್ಲೇ ಇತ್ತು. ಕೋಳಿ ಎದ್ದಿಲ್ಲ ಅಂತ ಗೊತ್ತಿತ್ತು. ಬೇಕು ಅಂತಲೇ ಮಾಡ್ಲಿಲ್ಲ."

"ಯಾಕೆ?"

"ನಿನಗೆ ಗೊತ್ತಾಗ್ಬಾರ್ದು ಅಂತ. ಅದರಲ್ಲಿ ಕೈಗುಣ ಗೀಗುಣ ಏನಿಲ್ಲ. ಎತ್ತಿ ಬಿಡೋದು, ಕಾಳು ನೀರು ಇಡೋದು. ಯಾರು ಬೇಕಾದ್ರೂ ಮಾಡ್ಬಹುದು. ಗೊತ್ತಾದ್ರೆ ನೀನು ಮಾಡ್ತೀಯ, ನನಗೆ ಆ ಇಪ್ಪತ್ತು ನಿಮಿಷ ಕೂರೋದು ಹೋಗುತ್ತೆ." ಹೊದಿಕೆಯ ಅಂಚು ಸರಿಮಾಡಿದಳು. "ಮೂರನೇ ದಿನಾನೂ ಮಾಡ್ಲಿಲ್ಲ."

ಹೊದಿಕೆಯ ಆ ತುದಿ ವಾರಗಿತ್ತಿಯ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಅಂದ್ರೆ ನಾನು ಮರೆತಿರ್ಲಿಲ್ಲ," ಎಂದಳು.

"ಇಲ್ಲ."

"ಕೂರ್ಬೇಕು ಅಂದಿದ್ರೆ ಕೂತ್ಕೊಳ್ಳಿ ಅಂತಿದ್ದೆನಲ್ಲ ಅಕ್ಕ. ಕೋಳಿ ನಾನು ಎಬ್ಬಿಸಿದ್ರೂ ನೀವೇ ಕೂತ್ಕೋಬಹುದಿತ್ತಲ್ಲ." ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಆಮೇಲೆ ಬಂತು, ಉಸಿರಿನೊಡನೆ ಏರುತ್ತ. "ಹತ್ತು ದಿನದಿಂದ ನಾನು ನನ್ನ ತಲೇನೇ ಹುಡುಕ್ತಿದೀನಿ. ಊಟ ಮಾಡಿದೆನಾ ಅಂತಲೂ ಅನುಮಾನ ಬರ್ತಿತ್ತು. ನೀವು ನೋಡ್ತಾ ಇದ್ರಿ."

"ಹೂಂ. ನೋಡ್ತಾ ಇದ್ದೆ."

"ಟೀಚರ್ ಹತ್ರ ಹೇಳಿದ್ರಾ?"

"ಹೇಳಿ ಬಂದೆ. ನೀನೇ ಬಂದು ಕೇಳ್ಬೇಕಂತೆ. ನಾಡಿದ್ದಿನವರೆಗೆ ಕಾಯ್ತಾರೆ."

"ಭಾವನ ಹತ್ರ?"

ಕಾವಕ್ಕ ಪರದೆಯ ಕಡೆ ನೋಡಿದಳು. ಒಳಕೋಣೆಯಲ್ಲಿ ಹೇಳಿದ್ದು ಒಳಕೋಣೆಯಲ್ಲೇ ಉಳಿಯುತ್ತದೆ ಎಂದು ಅವಳ ಮನಸ್ಸಿನ ಒಂದು ಮೂಲೆ ಆಸೆ ಇಟ್ಟುಕೊಂಡಿತ್ತು.

"ಹೇಳಿ ಅಕ್ಕ," ಎಂದಳು ವಾರಗಿತ್ತಿ. "ನಾನು ಕೇಳಿಸ್ಕೋಬೇಕು."

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಒಬ್ಬ ಪೋಸ್ಟ್‌ಮ್ಯಾನ್, ಇನ್ನೊಬ್ಬಳು ಮೂಲೆಮನೆಯ ಮುದುಕಿ. ಗಂಡ ಅಂಗಿಯ ತೋಳು ಉಜ್ಜುತ್ತಿದ್ದ. ಕಾವಕ್ಕ ಪರದೆ ಸರಿಸಿ ಮೇಜಿನ ಈಚೆ ನಿಂತಳು.

"ಕೋಳಿ ವಿಷಯ. ಇವಳು ಮರೆತಿದ್ದಲ್ಲ. ನಾನು ಇವಳಿಗೆ ಹೇಳೇ ಇರ್ಲಿಲ್ಲ. ಹೇಳಿದ್ದೆ ಅಂದಿದ್ದು ಸುಳ್ಳು."

"ಹೋಗ್ಲಿ ಬಿಡೇ," ಎಂದ ಅವನು, ಕೈ ನಿಲ್ಲಿಸದೆ. "ಒಂದು ಕೋಳಿಗೆ ಎಷ್ಟು ದಿನ ರಂಪ? ಹೇಳಿದ್ರೂ ಮರೀತಿದ್ಲು ತಾನೆ!"

ಪೋಸ್ಟ್‌ಮ್ಯಾನ್ ನಕ್ಕ. ಮುದುಕಿಯೂ ಅಭ್ಯಾಸದಂತೆ ನಗಲು ಬಾಯಿ ತೆರೆದಳು.

"ನಗಬೇಡಿ," ಎಂದಳು ಕಾವಕ್ಕ. "ಇನ್ನೊಂದ್ಸಲ ಹೇಳ್ತೀನಿ, ಕೇಳಿ." ಮೊದಲಿಂದ ಹೇಳಿದಳು. ಬಕೆಟ್ಟಿನ ಮೇಲೆ ಕೂರುತ್ತಿದ್ದುದನ್ನೂ, ಕೈಗುಣವೆಂದು ಕಟ್ಟಿದ ಕತೆಯನ್ನೂ, ಕೈಯಲ್ಲಿದ್ದ ಫೋನನ್ನೂ ಬಿಡದೆ ಹೇಳಿದಳು. ಎಲ್ಲಿ ನೋಡಬೇಕೆಂದು ತಿಳಿಯದೆ ಮುದುಕಿಯ ಕೈಯಲ್ಲಿದ್ದ ಚೀಲವನ್ನು ನೋಡುತ್ತ ಹೇಳಿದಳು.

"ಗಿರಾಕಿಗಳ ಮುಂದೆ ಏನಿದು," ಎಂದು ಗಂಡ ಹಲ್ಲು ಕಚ್ಚಿ ಮೆಲ್ಲಗೆ ಅಂದ. "ಆಮೇಲೆ ಮಾತಾಡೋಣ, ಒಳಗೆ ಹೋಗು."

"ಗಿರಾಕಿಗಳ ಮುಂದೇನೇ ಅಲ್ವಾ ಅವಳನ್ನ ನೋಡಿ ನಕ್ಕಿದ್ದು?"

ಅವನು ಉಜ್ಜಿದ್ದ ತೋಳನ್ನೇ ಮತ್ತೆ ಉಜ್ಜತೊಡಗಿದ.

ಪರದೆಯ ಹಿಂದಿನಿಂದ ವಾರಗಿತ್ತಿ ಬಂದಳು. ಮುಖ ತೊಳೆದಿದ್ದಳು, ಕೂದಲಿನ ಅಂಚು ಒದ್ದೆಯಿತ್ತು. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಶಿಶುವಿಹಾರದ ಕಡೆ ನಡೆದಳು. ಪ್ರತಿ ಸಲ ಹೊರಗೆ ಹೊರಟಾಗ "ಬರ್ತೀನಿ ಅಕ್ಕ" ಎನ್ನುತ್ತಿದ್ದವಳು ಈ ಸಲ ಅನ್ನಲಿಲ್ಲ. ಅದನ್ನು ಮರೆತದ್ದಲ್ಲವೆಂದು ಕಾವಕ್ಕನಿಗೆ ತಿಳಿಯಿತು.

ಮುದುಕಿ ತನ್ನ ಬಟ್ಟೆಯನ್ನು ಬೇಗ ಬೇಗ ಚೀಲಕ್ಕೆ ಹಾಕಿಕೊಂಡಳು. ಸಂಜೆಯೊಳಗೆ ಈ ಮಾತು ಬೀದಿಯ ಎಲ್ಲ ಮನೆಗೂ ಹೋಗುತ್ತದೆ. ಹೋಗಲಿ ಎಂದುಕೊಳ್ಳುವ ಧೈರ್ಯ ಕಾವಕ್ಕನಿಗೆ ಬರಲಿಲ್ಲ. ಆದರೂ ಒಳಗೆ ಹೋಗದೆ ಬಾಗಿಲಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ, ವಾರಗಿತ್ತಿ ಶಿಶುವಿಹಾರದ ಗೇಟು ತಳ್ಳಿ ಒಳಗೆ ಹೋಗುವವರೆಗೂ ನಿಂತಿದ್ದಳು.